ಹಾಲು ಗೀಲು, ದೋಸೆ ಗೀಸೆ

ಕೇಳುಗರಿಗೆಲ್ಲ ನಮಸ್ಕಾರ.

ಮಗುವಿಗೆ ಮೂರು ತುಂಬುವುದೇ ತಡ, ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಅ ಆ ಇ ಈ ಬರೆಯುತ್ತದೆಯೇ? ಬಂದ ನೆಂಟರೂ ಅದನ್ನೇ ಕೇಳುತ್ತಾರೆ. ಪಕ್ಕದ ಮನೆಯ ಮಗು ಆಗಲೇ ಕಾಗುಣಿತಕ್ಕೆ ಬಂದಿದೆಯಂತೆ ಎಂದು ತಿಳಿದರಂತೂ ಅಂದು ರಾತ್ರಿ ತಂದೆತಾಯಿಗೆ ನಿದ್ದೆ ಹತ್ತುವುದಿಲ್ಲ. ಮರುದಿನ ಸ್ಲೇಟು, ಬಳಪ, ಅಳು.

ತಿದ್ದಿಸುವುದು ನಾಲ್ಕಾರು ತಿಂಗಳು ತಡವಾದರೆ ಏನೂ ಕೊಳ್ಳೆ ಹೋಗುವುದಿಲ್ಲ. ಬಳಪ ಹಿಡಿಯುವ ಬೆರಳಿಗಿಂತ ಮೊದಲು ಪಳಗಬೇಕಾದದ್ದು ಕಿವಿ. 'ಬಾಳೆಹಣ್ಣು' ಎಂದರೆ ಪುಟ್ಟ ಮಗುವಿಗೆ ತಿನ್ನುವ ಹಣ್ಣು, ಅಷ್ಟೆ. ಆ ಮಾತಿನೊಳಗೆ ಬಾ, ಳೆ, ಹ, ಣ್ಣು ಎಂಬ ನಾಲ್ಕು ತುಣುಕುಗಳಿವೆ ಎಂದು ಕೇಳಿಸಿಕೊಂಡ ಮೇಲೆಯೇ ಬರೆದ ನಾಲ್ಕು ಗುರುತುಗಳು ಏಕಿವೆ ಎಂಬುದು ಅದಕ್ಕೆ ಹೊಳೆಯುವುದು. ನಮ್ಮ ಲಿಪಿಯ ಅನುಕೂಲ ಇರುವುದೂ ಇಲ್ಲೇ. ಚಪ್ಪಾಳೆ ತಟ್ಟುತ್ತಾ ಪದವನ್ನು ಬಿಡಿಸಿದರೆ, ಚಪ್ಪಾಳೆ ಬೀಳುವಲ್ಲೆಲ್ಲ ಹೆಚ್ಚುಕಡಿಮೆ ಒಂದೊಂದು ಅಕ್ಷರ ಕೂರುತ್ತದೆ. ಮೊದಲು ಮಗುವಿನ ಹೆಸರಿಗೇ ತಟ್ಟಿಸಿ, ಆಮೇಲೆ ಅಜ್ಜಿಯ ಹೆಸರಿಗೆ. ಯಾರ ಹೆಸರು ಉದ್ದ ಎಂಬ ಜಗಳ ತಾನಾಗಿ ಹುಟ್ಟುತ್ತದೆ, ಹುಟ್ಟಲಿ.

ಇನ್ನೊಂದು ಆಟವನ್ನು ನಾವು ದಿನವೂ ಆಡುತ್ತೇವೆ, ಆಟವೆಂಬ ಅರಿವಿಲ್ಲದೆ. ಹಾಲು ಗೀಲು ಕುಡಿದೆಯಾ, ಪುಸ್ತಕ ಗಿಸ್ತಕ ಎಲ್ಲಿ, ದೋಸೆ ಗೀಸೆ ಬೇಕೇ ಎನ್ನುತ್ತೇವಲ್ಲ, ಅದೇ. ಇದರಲ್ಲಿ ಎಷ್ಟು ಸೂಕ್ಷ್ಮವಿದೆ ನೋಡಿ. ಪದದ ಮೊದಲ ತುಣುಕನ್ನು ತೆಗೆದು ಬೇರೊಂದನ್ನು ಅಂಟಿಸಬೇಕು. ಅದು ಹ್ರಸ್ವವಾದರೆ 'ಗಿ', ದೀರ್ಘವಾದರೆ 'ಗೀ'. ಮನೆ ಗಿನೆ, ಆನೆ ಗೀನೆ. ವ್ಯಾಕರಣದ ಹೆಸರೂ ಕೇಳದ ನಾಲ್ಕು ವರ್ಷದ ಮಗು ಇದನ್ನು ಸರಾಗವಾಗಿ ಮಾಡಬಲ್ಲದು. ಹ್ರಸ್ವ ದೀರ್ಘಗಳ ವ್ಯತ್ಯಾಸವನ್ನು ಮುಂದೆ ಶಾಲೆಯಲ್ಲಿ ಬೆತ್ತ ತೋರಿಸಿ ಕಲಿಸುವವರು ಇದನ್ನು ಗಮನಿಸಬೇಕು. ಸರದಿಯ ಮೇಲೆ ಒಂದೊಂದು ಪದ ಕೊಡುತ್ತಾ ಹೋಗಿ. ನಡುವೆ, ಮುಖ ಗಂಭೀರ ಮಾಡಿಕೊಂಡು, "ಗಿಳಿ" ಎನ್ನಿ. "ಗಿಳಿ... ಗಿಳಿ..." ಎಂದು ಮಗು ತಡವರಿಸಿ, ನಿಮ್ಮ ಮುಖ ನೋಡಿ, ಬಿದ್ದು ಬಿದ್ದು ನಗುತ್ತದೆ. ಆ ಪದದ ತಲೆಯಲ್ಲಿ 'ಗಿ' ಮೊದಲೇ ಕೂತಿದೆ ಎಂಬುದು ಅದಕ್ಕೆ ಗೊತ್ತಾಗಿದೆ. ಯಾವ ಪರೀಕ್ಷೆಯೂ ಇದಕ್ಕಿಂತ ಚೆನ್ನಾಗಿ ಕಿವಿಯನ್ನು ಅಳೆಯಲಾರದು.

ಕಣ್ಣಿನ ಆಟಕ್ಕೆ ದುಬಾರಿ ಸಾಮಾನು ಬೇಡ. ಬೆಳಗ್ಗೆ ಬಾಗಿಲಿಗೆ ಬರುವ ನಂದಿನಿ ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿಡಿ. ನಂ, ದಿ, ನಿ. 'ನ' ಎರಡು ಸಲ ಬಂದಿದೆ, ಗುಡಿಸು ಎರಡು ತಲೆಗಳ ಮೇಲೆ ಕೂತಿದೆ. ನಿರ್ಮಲಾ ಎಂಬ ಹೆಸರಿನ ಮಗುವಾದರೆ ತನ್ನ 'ನಿ'ಯನ್ನು ಅಲ್ಲಿ ಹುಡುಕಿ ತೆಗೆಯುತ್ತದೆ, ಹಾಲು ತನ್ನದೇ ಎಂದು ಹಟವನ್ನೂ ಮಾಡುತ್ತದೆ. ಬಸ್ಸಿನ ಬೋರ್ಡು, ಅಂಗಡಿಯ ಹಲಗೆ, ಮದುವೆಯ ಕರೆಯೋಲೆ ಎಲ್ಲವೂ ಆಗುತ್ತವೆ. ಬರೆಯುವ ಆಸೆ ಮಗುವಿಗೇ ಬಂದರೆ ತಟ್ಟೆಯಲ್ಲಿ ಅಕ್ಕಿಯೋ ಮರಳೋ ಹರಡಿ ಕೊಡಿ, ಬೆರಳಾಡಿಸಲಿ.

ಆತುರ ಬೇಡ ಎನ್ನುವುದಕ್ಕೆ ಲೆಕ್ಕವೂ ಇದೆ. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ನಾನ್ನೂರು ದಾಟುತ್ತದೆ, ಒತ್ತಕ್ಷರ ಬೇರೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಅಕ್ಷರಗಳ ಹಿಡಿತ ಮೊದಲ ತರಗತಿಗೆ ಮುಗಿಯುವುದಿಲ್ಲ, ಮುಂದಿನ ವರ್ಷಗಳಿಗೂ ಚಾಚುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಹಿಡಿದಿದೆ. ಹಾಗಿರುವಾಗ ಎಲ್.ಕೆ.ಜಿ. ಮಗುವಿಗೆ ಪುಟಗಟ್ಟಲೆ ತಿದ್ದುವ ಮನೆಗೆಲಸ ಕೊಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಮೊಬೈಲಿನಲ್ಲಿ ಅಕ್ಷರ ಕುಣಿಸುವ ಆಟಗಳೂ ಇವೆ. ಅವು ಗಿಳಿಯ ಜೋಕಿಗೆ ನಗುವುದಿಲ್ಲ.

ರಾತ್ರಿ ಒಂದು ಚಿತ್ರಪುಸ್ತಕ ಓದಿ. ಹೇಳಿದ ಕಥೆಯನ್ನೇ ಮತ್ತೆ ಕೇಳಿದರೆ ಬೇಸರಿಸಬೇಡಿ, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಓದಿ. ಕೆಲವು ದಿನಗಳಲ್ಲಿ ಮಗು ತಾನೇ ಪುಸ್ತಕ ಹಿಡಿದು, ಬಾಯಿಗೆ ಬಂದದ್ದನ್ನು ಓದುವಂತೆ ನಟಿಸುತ್ತದೆ, ಒಮ್ಮೊಮ್ಮೆ ಪುಸ್ತಕ ತಲೆಕೆಳಗಾಗಿರುತ್ತದೆ. ಅದನ್ನು ಸುಳ್ಳು ಓದು ಎಂದು ಗದರಬೇಡಿ. ಪುಟಗಳಲ್ಲಿ ಕಥೆ ಇರುತ್ತದೆ ಎಂದು ಅದು ಕಂಡುಕೊಂಡಿದೆ. ನಿದ್ದೆ ತಡೆಯಲಾರದೆ ನೀವು ಒಂದು ಪುಟ ಹಾರಿಸಿದರೆ, ಕೈ ಹಿಡಿದು ಹಿಂದಕ್ಕೆ ತಿರುಗಿಸುವುದೂ ಅದೇ ಮಗು.

ನಮಸ್ಕಾರ.