ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ನನಗೆ ಫೋನ್ ಮಾಡಬೇಡಿ

ನಮಸ್ಕಾರ ಎಲ್ಲರಿಗೂ, ಇಟಲಿಯ ಬೊಲೋನ್ಯಾದಿಂದ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದನ್ನು ಓದಿದೆ. ಓದಿದಾಗಿನಿಂದ ಹೊಟ್ಟೆ ಉರಿಯುತ್ತಿದೆ. ನೀವೂ ಕೇಳಿ. "ಭಾನುವಾರ ಅಂಗಡಿ ಮುಚ್ಚಿ, ತಿಂದು, ಮಲಗುವ ಜನ. ಶುದ್ಧ ಸೋಮಾರಿಗಳು. ಅದಕ್ಕೇ ಇಟಲಿ ಸಾಲದಲ್ಲಿ ಮುಳುಗಿದೆ."

ಸರ್, ನಿಮ್ಮ ಪರಿಚಯ ನನಗಿಲ್ಲ. ಆದರೂ ಒಂದು ಮಾತು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮನೆಮಂದಿಯೆಲ್ಲ ಒಂದು ಟೇಬಲ್ ಸುತ್ತ ಕೂತು ಉಣ್ಣುವುದು ಈ ದೇಶದ ಅತ್ಯಂತ ಒಳ್ಳೆಯ ಅಭ್ಯಾಸ. ಅದನ್ನು ಯಾರೂ ಮುಟ್ಟಬಾರದು. ಇವತ್ತು ನಾನು ಹೇಳುವುದು ಇದೊಂದನ್ನೇ.

ಸೋಮಾರಿತನ ಅಂದಿರಲ್ಲ, ನಮ್ಮ ಎದುರುಮನೆಯ ಅಜ್ಜಿಯನ್ನು ನೋಡಬೇಕು ನೀವು. ಎಂಬತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಊರು ಏಳುವ ಮೊದಲೇ ಮರದ ಹಲಗೆ ಮೇಲೆ ಹಿಟ್ಟು ಗುಡ್ಡೆ ಹಾಕಿ, ನಡುವೆ ಗುಳಿ ಮಾಡಿ, ಮೊಟ್ಟೆ ಒಡೆಯುತ್ತಾರೆ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ನೀರು ಹಾಕುವ ಹಾಗಿಲ್ಲ. ಚೆನ್ನಾಗಿ ನಾದಿ, ಮುಚ್ಚಿಟ್ಟು, ಆಮೇಲೆ ತೋಳುದ್ದದ ಲಟ್ಟಣಿಗೆ ಹಿಡಿದು ಲಟ್ಟಿಸುತ್ತಾರೆ. ಲಟ್ಟಿಸುವಾಗ ಮೈಯೆಲ್ಲ ಮುಂದೆ ಬಾಗುತ್ತದೆ. ಹಾಳೆ ಎತ್ತಿ ಹಿಡಿದರೆ ಅದರ ಆಚೆ ಊರಂಚಿನ ಸಾನ್ ಲೂಕಾ ಬೆಟ್ಟ ಕಾಣಬೇಕು ಅನ್ನುತ್ತಾರೆ ಇಲ್ಲಿಯವರು, ಅಷ್ಟು ತೆಳ್ಳಗೆ. ಮನೆಯವರಿಗೆ ಮಾಂಸ ತುಂಬಿದ ತೊರ್ತೆಲ್ಲೀನಿ ಅನ್ನುವ ಪುಟ್ಟ ಪಾಸ್ತಾ, ಒಂದೊಂದನ್ನೂ ಬೆರಳಿಗೆ ಸುತ್ತಿ ಮಡಚಿ. ನಾನು ಮಾಂಸ ತಿನ್ನುವುದಿಲ್ಲ ಅಂತ ನನಗೋಸ್ಕರ ರಿಕೋಟಾ ಚೀಸ್ ತುಂಬಿದ ತೊರ್ತೆಲ್ಲೋನಿ ಬೇರೆ. ಬೆಣ್ಣೆ, ನಾಲ್ಕು ಸೇಜ್ ಎಲೆ, ಮೇಲೆ ಪಾರ್ಮಿಜಾನೋ ಚೀಸ್. ಇವರು ಸೋಮಾರಿಯಾ?

ಪಾರ್ಮಿಜಾನೋದಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಇರುತ್ತದೆ ಅಂತ ಈಗಲೇ ಟೈಪ್ ಮಾಡುತ್ತಿರುವವರಿಗೆ: ಗೊತ್ತು. ಇಟಲಿಯಲ್ಲಿ ಸಸ್ಯಾಹಾರಿಗಳು ಏನೇನು ನೋಡಿ ಕೊಂಡುಕೊಳ್ಳಬೇಕು ಅಂತ ಪೂರ್ತಿ ವಿಡಿಯೋ ಮಾಡಿದ್ದೇನೆ. ಲಿಂಕ್ ಕೆಳಗಿದೆ, ನೋಡಿ, ಅಮ್ಮನಿಗೂ ಕಳಿಸಿ.

ಹನ್ನೆರಡರ ಹೊತ್ತಿಗೆ ಬೀದಿಯಲ್ಲಿ ಒಂದು ನೋಟ ಇರುತ್ತದೆ. ಎಲ್ಲರ ಕೈಯಲ್ಲೂ ಸಿಹಿ ತಿಂಡಿಯ ಪೊಟ್ಟಣ. ಬೇಕರಿಯವರು ಚಿಕ್ಕ ಟ್ರೇ ಮೇಲೆ ಪೇಸ್ಟ್ರಿ ಜೋಡಿಸಿ, ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಡುತ್ತಾರೆ. ಆ ರಿಬ್ಬನ್‌ಗೆ ಬೆರಳು ಸಿಕ್ಕಿಸಿಕೊಂಡು ಮಗ, ಸೊಸೆ, ಅಳಿಯ, ಮೊಮ್ಮಕ್ಕಳು ಎಲ್ಲ ಹೋಗುವುದು ಅಜ್ಜಿಮನೆ ಕಡೆಗೆ. ಒಂದು ಗಂಟೆಗೆ ಬೀದಿ ಖಾಲಿ. ಕಿಟಕಿಗಳಿಂದ ತಟ್ಟೆ, ಚಮಚದ ಸದ್ದು ಮಾತ್ರ. ಮೊದಲು ಪಾಸ್ತಾ, ಆಮೇಲೆ ಮಾಂಸ, ಜೊತೆಗೆ ತರಕಾರಿ, ಹಣ್ಣು, ಸಿಹಿ, ಕೊನೆಗೆ ಕಾಫಿ. ನಡುವೆ ಜಗಳ. ಹೌದು, ಜಗಳವೂ ಆಗುತ್ತದೆ. ಮನೆಯವರ ಜೊತೆ ಜಗಳ ಆಡಲೂ ಎದುರುಬದುರು ಕೂರಬೇಕು ಅಲ್ವಾ?

ಈಗ ಸಾಲಕ್ಕೆ ಬರೋಣ. ಇಟಲಿಗೆ ಸಾಲ ಇದೆ, ಬೇಕಾದಷ್ಟಿದೆ. ಅದು ಅಜ್ಜಿಯ ಊಟದಿಂದ ಆಯಿತಾ? ಶ್ರೀಮಂತ ದೇಶಗಳ ಆರ್ಥಿಕ ಒಕ್ಕೂಟ ಒಇಸಿಡಿಯ ಲೆಕ್ಕ ತೆಗೆದು ನೋಡಿ. ಸರಾಸರಿ ಇಟಾಲಿಯನ್ ಕೆಲಸಗಾರ ವರ್ಷಕ್ಕೆ 1,700 ಗಂಟೆಗಿಂತ ಜಾಸ್ತಿ ದುಡಿಯುತ್ತಾನೆ. ನೀವೆಲ್ಲ ಕೈ ಮುಗಿಯುವ ಜರ್ಮನಿಯಲ್ಲಿ ಅದು 1,350ರ ಆಸುಪಾಸು. ಇನ್ನು ಫೆರಾರಿ ಎಲ್ಲಿ ತಯಾರಾಗುತ್ತದೆ? ಮಾರನೆಲ್ಲೊದಲ್ಲಿ. ಲಂಬೋರ್ಗಿನಿ? ಸಾಂತಾಗಾತಾ ಬೊಲೊನ್ಯೇಸೆಯಲ್ಲಿ. ಡುಕಾಟಿ? ಇದೇ ಬೊಲೋನ್ಯಾದ ಬೋರ್ಗೊ ಪಾನಿಗಾಲೆಯಲ್ಲಿ. ನಿಮ್ಮ ಮೊಬೈಲ್ ವಾಲ್‌ಪೇಪರ್‌ನಲ್ಲಿರುವ ಗಾಡಿಯನ್ನು ಕಟ್ಟಿದ್ದು ಭಾನುವಾರ ಅಮ್ಮನ ಮನೆಗೆ ಊಟಕ್ಕೆ ಹೋಗುವ ಈ ಜನವೇ ಸರ್.

ವಾರದ ಈ ರಜೆಯನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. 1948ರಲ್ಲಿ ಜಾರಿಗೆ ಬಂದ ಇಟಲಿ ಸಂವಿಧಾನದ 36ನೇ ವಿಧಿ ಓದಿ. ವಾರದ ರಜೆ ಕೆಲಸಗಾರನ ಹಕ್ಕು, ಅವನಾಗಿಯೇ ಬಿಟ್ಟುಕೊಡುತ್ತೇನೆ ಅಂದರೂ ಬಿಡುವಂತಿಲ್ಲ. ನನಗೆ ಆ ಎರಡನೇ ಭಾಗ ಬಹಳ ಇಷ್ಟ. ಯಾಕೆಂದರೆ ಬಾಸ್ ಕೇಳಿದಾಗ ನಾವೆಲ್ಲ "ಪರವಾಗಿಲ್ಲ ಸರ್, ಭಾನುವಾರ ಮಾಡಿ ಕಳಿಸುತ್ತೇನೆ" ಅನ್ನುವವರೇ. ಹಾಗೆ ಅನ್ನಲೂ ಬಿಡಬಾರದು ಅಂತ ಸಂವಿಧಾನ ಬರೆದವರಿಗೆ ಹೊಳೆದಿತ್ತು. ಆ ರಜೆ ಸಾಮಾನ್ಯವಾಗಿ ಭಾನುವಾರವೇ ಇರಬೇಕು ಅಂತ ಇಲ್ಲಿನ ಸಿವಿಲ್ ಕೋಡ್ ಹೇಳುತ್ತದೆ.

ಭಾನುವಾರ ಅಂಗಡಿ ಮುಚ್ಚಲೇಬೇಕು ಅಂತ ಈಗ ಇಲ್ಲಿ ಕಾನೂನಿಲ್ಲ, ಅದೂ ಗೊತ್ತಿರಲಿ. ಆಗಿನ ಪ್ರಧಾನಿ ಮಾರಿಯೊ ಮೋಂತಿ ಸರ್ಕಾರ ತಂದ ನಿಯಮದಿಂದ 2012ರಿಂದ ಯಾರು ಯಾವಾಗ ಬೇಕಾದರೂ ತೆರೆಯಬಹುದು. ದೊಡ್ಡ ಸೂಪರ್ ಮಾರ್ಕೆಟ್‌ಗಳು ತೆರೆದೇ ಇರುತ್ತವೆ. ನನ್ನನ್ನು ಕೇಳಿದರೆ ಅದು ತಪ್ಪು ಹೆಜ್ಜೆ. ಕ್ಯಾಶ್ ಕೌಂಟರ್‌ನಲ್ಲಿ ಕೂತ ಹುಡುಗಿಗೂ ಒಬ್ಬ ಅಮ್ಮ ಇದ್ದಾರೆ. ಅವರ ಮನೆಯ ಒಲೆ ಮೇಲೂ ಸಾರು ಕುದಿಯುತ್ತಿರುತ್ತದೆ. ಶಾಂಪೂ ಶನಿವಾರ ಕೊಂಡರೆ ಕೂದಲು ಉದುರುತ್ತಾ?

"ಯಾರೋ ಕೆಲಸ ಮಾಡಲೇಬೇಕಲ್ಲ" ಅಂತ ಬರೆಯುತ್ತೀರಿ, ನಿಮ್ಮ ರಾಗ ನನಗೆ ಬಾಯಿಪಾಠ. ನರ್ಸ್ ಮಾಡಬೇಕು, ಒಪ್ಪಿದೆ. ಬಸ್ ಡ್ರೈವರ್ ಮಾಡಬೇಕು, ಒಪ್ಪಿದೆ. ಹಸು ಭಾನುವಾರವೂ ಹಾಲು ಕೊಡುತ್ತದೆ, ಪಾರ್ಮಿಜಾನೋ ಮಾಡಲು ಆ ಹಾಲನ್ನು ಭಾನುವಾರವೂ ಕಾಯಿಸಬೇಕು. ಆ ಕೊಟ್ಟಿಗೆಗಳಲ್ಲಿ ದುಡಿಯುವವರಲ್ಲಿ ನಮ್ಮ ಪಂಜಾಬಿಗಳು ಎಷ್ಟೋ ಜನ. ಅವರೂ ಭಾನುವಾರದ ಊಟ ಬಿಟ್ಟಿಲ್ಲ. ಇಲ್ಲಿಂದ ಸ್ವಲ್ಪ ದೂರದ ನೊವೆಲ್ಲಾರಾದಲ್ಲಿ 2000ದಲ್ಲಿ ತೆರೆದ ದೊಡ್ಡ ಗುರುದ್ವಾರ ಇದೆ. ಅಲ್ಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತು ದಾಲ್, ರೊಟ್ಟಿ ತಿನ್ನುತ್ತಾರೆ. ಹಾಲು ಕರೆಯುವುದು ಬೇರೆ, ಡಿಸ್ಕೌಂಟ್‌ನಲ್ಲಿ ಶೂ ಮಾರುವುದು ಬೇರೆ. ಇಷ್ಟೂ ತಿಳಿಯದಿದ್ದರೆ ಹೇಗೆ?

ನಮ್ಮೂರ ಕಥೆಯನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರ ವಿಡಿಯೋ ಬಂತು. 90 ಗಂಟೆಯಂತೆ, ಭಾನುವಾರವೂ ಕೆಲಸ ಮಾಡಿಸಲು ಆಗುತ್ತಿಲ್ಲ ಅಂತ ಬೇಸರವಂತೆ, ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡುತ್ತೀರಿ ಅಂತ ಪ್ರಶ್ನೆ ಬೇರೆ. ಎಷ್ಟು ಹೊತ್ತಾದರೂ ನೋಡುತ್ತೇವೆ! ಊಟಕ್ಕೆ ಕೂತು ನೋಡುತ್ತೇವೆ! ಭಾರತದಲ್ಲಿ ಭಾನುವಾರದ ರಜೆ ಆಕಾಶದಿಂದ ಉದುರಿದ್ದಲ್ಲ. ಮುಂಬೈ ಗಿರಣಿ ಕಾರ್ಮಿಕರಿಗೋಸ್ಕರ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ದಕ್ಕಿಸಿಕೊಟ್ಟ ರಜೆ ಅದು. ಅದನ್ನು ಬೆಂಗಳೂರಿನಲ್ಲಿ ನಾವು ಲ್ಯಾಪ್‌ಟಾಪ್ ತೆರೆದು ಸುಮ್ನೆ ವಾಪಸ್ ಕೊಡುತ್ತಿದ್ದೇವೆ. ನನಗೆ ನಿಜವಾಗಿ ಸಂಕಟ ಆಗುವುದು ಇದಕ್ಕೆ.

ಇನ್ನೊಂದು ಗೊತ್ತಾ? 2025ರ ಡಿಸೆಂಬರ್ 10ರಂದು ಇಟಾಲಿಯನ್ ಅಡುಗೆ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಸಭೆ ನಡೆದದ್ದು ದೆಹಲಿಯ ಕೆಂಪು ಕೋಟೆಯಲ್ಲಿ. ಅದೇ ದಿನ, ಅದೇ ಪಟ್ಟಿಗೆ ನಮ್ಮ ದೀಪಾವಳಿಯೂ ಸೇರಿತು. ಅದಕ್ಕೂ ಮೊದಲು ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಇಲ್ಲಿನ ಊರೂರುಗಳ ಚೌಕದಲ್ಲಿ ಉದ್ದ ಟೇಬಲ್ ಹಾಕಿ ಊಟ ಹಾಕಿದ್ದರು. ಯುನೆಸ್ಕೊಗೆ ತೋರಿಸಲು ಇವರು ಆರಿಸಿಕೊಂಡದ್ದು ಏನನ್ನು? ಪಿಜ್ಜಾ ಅಂಗಡಿಯನ್ನಲ್ಲ, ಭಾನುವಾರದ ಊಟವನ್ನು.

"ನೀವು ಅಲ್ಲಿ ಕೂತು ಹೇಳುವುದು ಸುಲಭ" ಅಂತೀರಾ? ಸುಲಭವೇ. ನೀವೂ ಮಾಡಿ. "ಟ್ರಾಫಿಕ್ ಇದೆ" ಅಂತೀರಾ? ಭಾನುವಾರ ಎಂಥ ಟ್ರಾಫಿಕ್ ರೀ! "ಟೈಮ್ ಇಲ್ಲ" ಅಂತೀರಾ? ನನ್ನ ವಿಡಿಯೋಗೆ ಅಷ್ಟುದ್ದ ಕಾಮೆಂಟ್ ಬರೆಯಲು ಟೈಮ್ ಇತ್ತಲ್ಲ!

ಊಟ ಆದಮೇಲೆ ಮಲಗುತ್ತಾರೆ ಅಂದಿರಿ. ನಡೆಯುತ್ತಾರೆ ಸರ್. ಇಲ್ಲಿ ಸಾನ್ ಲೂಕಾ ಚರ್ಚ್‌ವರೆಗೆ 666 ಕಮಾನುಗಳ ಚಾವಣಿ ದಾರಿ ಇದೆ, ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್, ಕೊನೆಯ ಅರ್ಧ ಬರೀ ಏರು. ಮಳೆ ಬಂದರೂ ನೆನೆಯುವುದಿಲ್ಲ. ತಾತಂದಿರು ಮಾತಾಡಿಕೊಂಡೇ ಹತ್ತುತ್ತಾರೆ, ನಮ್ಮ ಜಿಮ್ ಹುಡುಗರು ಅರ್ಧಕ್ಕೇ ಏದುಸಿರು ಬಿಡುತ್ತಾರೆ. ಯಾರಾದರೂ ಮಲಗಿದರೂ ಮಲಗಲಿ, ನಿಮಗೇನು ಕಷ್ಟ? ಅವರ ಭಾನುವಾರ, ಅವರ ಮಂಚ!

ಇನ್ನೂ ಕಾರಣ ಬೇಕಾ? ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಒಂದು ಗಂಟೆ ಅಂದರೆ ಒಂದು ಗಂಟೆ. ಟೇಬಲ್ ಅಂದರೆ ಟೇಬಲ್. ಅಷ್ಟೇ!

ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿ. ಗುರುವಾರ ಪೆರ್ಮೆಸ್ಸೊ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಅದರ ರಿನ್ಯೂವಲ್ ವಿಡಿಯೋ ಬರುತ್ತದೆ, ಅಂಚೆ ಕಚೇರಿಯಿಂದ ಹಳದಿ ಪಟ್ಟೆಯ ಕಿಟ್ ಈಗಲೇ ತಂದಿಟ್ಟುಕೊಳ್ಳಿ, ಫಾರ್ಮ್ ಒಟ್ಟಿಗೇ ತುಂಬೋಣ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ. ಸೋಮವಾರದಿಂದ ಶನಿವಾರದವರೆಗೆ ಎಲ್ಲದಕ್ಕೂ ಉತ್ತರ ಕೊಡುತ್ತೇನೆ.