ಪೋಲೆಂಡಿನ ಪೋಪರು ಮತ್ತು ನಂಬದವರ ಹೆಮ್ಮೆ

ಸಭಿಕರೇ,

ತಮ್ಮ ನಾಡಿನವರೊಬ್ಬರು ದೊಡ್ಡ ಧರ್ಮಪೀಠವನ್ನೇರಿದಾಗ ಭಕ್ತರು ಹಿಗ್ಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಆ ಧರ್ಮವನ್ನು ನಂಬದವರ, ಅದನ್ನು ವಿರೋಧಿಸುವುದನ್ನೇ ಕಸುಬು ಮಾಡಿಕೊಂಡವರ ಎದೆಯೂ ಅಂಥ ಹೊತ್ತಿನಲ್ಲಿ ಏಕೆ ಉಬ್ಬುತ್ತದೆ? ಇವತ್ತು ನಾನು ಮಾತನಾಡಬೇಕೆಂದಿರುವುದು ಅದನ್ನು ಕುರಿತು. ನಿದರ್ಶನವಾಗಿ 1978ರ ಪೋಲೆಂಡನ್ನು ಆರಿಸಿಕೊಂಡಿದ್ದೇನೆ.

ಆ ವರ್ಷ ಅಕ್ಟೋಬರ್ 16ರ ಸಂಜೆ, ರೋಮಿನ ಸಂತ ಪೇತ್ರರ ಚೌಕದಲ್ಲಿ ಕಿಕ್ಕಿರಿದಿದ್ದ ಜನರಿಗೆ ಕಾರ್ಡಿನಲ್ (ಪೋಪರ ನಂತರದ ಸ್ಥಾನದ ಹಿರಿಯ ಧರ್ಮಗುರು) ಫೆಲಿಚಿ ಅವರು ಹೊಸ ಪೋಪರ ಹೆಸರನ್ನು ಲ್ಯಾಟಿನ್ನಿನಲ್ಲಿ ಸಾರಿದಾಗ, ಅದು ಯಾರ ಹೆಸರೆಂದು ಬಹಳ ಮಂದಿಗೆ ಹೊಳೆಯಲೇ ಇಲ್ಲ. ಆಫ್ರಿಕದವರಿರಬೇಕು ಎಂದು ಊಹಿಸಿದವರೂ ಇದ್ದರಂತೆ. ಆಯ್ಕೆಯಾದವರು ಕ್ರಾಕೊವ್ ನಗರದ ಮಹಾಧರ್ಮಾಧ್ಯಕ್ಷ, 58 ವರ್ಷದ ಕರೋಲ್ ವೊಯ್ತಿವಾ, ಮುಂದೆ ಎರಡನೆಯ ಜಾನ್ ಪಾಲ್ ಎಂದು ಹೆಸರಾದವರು. 1523ರಲ್ಲಿ ತೀರಿಕೊಂಡ ಆರನೆಯ ಏಡ್ರಿಯನ್ನರ ತರುವಾಯ ಇಟಲಿಯ ಹೊರಗಿನವರೊಬ್ಬರು ಆ ಪೀಠಕ್ಕೆ ಬಂದದ್ದು ಅದೇ ಮೊದಲು. ತಮ್ಮನ್ನು ದೂರದ ನಾಡಿನಿಂದ ಕರೆಸಿಕೊಂಡಿದ್ದಾರೆ ಎಂದು ಅವರೇ ಮಹಡಿಯ ಮೇಲಿಂದ ಹೇಳಿದರು. ಅತ್ತ ಕ್ರಾಕೊವಿನ ವಾವೆಲ್ ಗುಡ್ಡದ ಮೇಲೆ, ವಿಶೇಷ ಸಂದರ್ಭಗಳಲ್ಲಿ ಮಾತ್ರ ಬಾರಿಸುವ, 1520ರಲ್ಲಿ ಎರಕ ಹೊಯ್ದ ಸಿಗಿಸ್ಮಂಡ್ ಗಂಟೆ ಮೊಳಗಿತು.

ಆಯ್ಕೆ ಮಾಡಿದವರು 111 ಕಾರ್ಡಿನಲ್‌ಗಳು. ಅದರಲ್ಲಿ ಪೋಲೆಂಡಿನ ಜನಸಾಮಾನ್ಯರ ಪಾಲು ಏನೂ ಇರಲಿಲ್ಲ. ಆದರೂ ಅವರು ಬೀದಿಗಿಳಿದು ಅತ್ತರು, ಹಾಡಿದರು. 1795ರಿಂದ 1918ರವರೆಗೆ ಭೂಪಟದಲ್ಲೇ ಇಲ್ಲವಾಗಿದ್ದ ದೇಶವದು. ರಶಿಯ, ಪ್ರಶ್ಯ, ಆಸ್ಟ್ರಿಯಗಳು ಅದನ್ನು ಹರಿದು ಹಂಚಿಕೊಂಡಿದ್ದವು. ಆಮೇಲೆ ನಾತ್ಸಿಗಳು ಬಂದರು, ಅವರ ಬೆನ್ನಿಗೆ ಮಾಸ್ಕೋದತ್ತ ಮುಖ ಮಾಡಿದ ಸರ್ಕಾರ ಬಂದಿತು. ತನ್ನ ಪರವಾಗಿ ಯಾವಾಗಲೂ ಇನ್ನೊಬ್ಬರೇ ಮಾತನಾಡುತ್ತ ಬಂದ ಜನಾಂಗಕ್ಕೆ, ತನ್ನ ನುಡಿಯ ಹೆಸರೊಂದನ್ನು ಜಗತ್ತು ತಡವರಿಸುತ್ತಲಾದರೂ ಉಚ್ಚರಿಸಲೇಬೇಕಾಗಿ ಬಂದದ್ದು ಸಣ್ಣ ಸಂಗತಿಯಲ್ಲ. ನಾಸ್ತಿಕನಿಗೂ ಆ ನುಡಿ ತಾಯಿನುಡಿಯೇ ಅಲ್ಲವೇ?

ಇಕ್ಕಟ್ಟಿಗೆ ಸಿಲುಕಿದ್ದು ಕಮ್ಯುನಿಸ್ಟ್ ಪಕ್ಷ. ಕ್ರಾಕೊವಿನ ಪಕ್ಕದಲ್ಲಿ ಚರ್ಚೇ ಇಲ್ಲದ ಉಕ್ಕಿನ ನಗರವಾಗಿ ಅದು ಕಟ್ಟಿಸಿದ್ದ ನೋವಾ ಹೂತಾದಲ್ಲಿ, ಕಾರ್ಮಿಕರು ವರ್ಷಗಟ್ಟಲೆ ಹೋರಾಡಿ ಎಬ್ಬಿಸಿದ ಚರ್ಚನ್ನು 1977ರಲ್ಲಿ ಪವಿತ್ರೀಕರಿಸಿದವರು ಇದೇ ವೊಯ್ತಿವಾ. ಅಂಥವರು ಪೋಪರಾದಾಗ ಪಕ್ಷದ ನಾಯಕ ಎಡ್ವರ್ಡ್ ಗಿಯೆರೆಕ್ ಮತ್ತು ಸಂಗಡಿಗರು ಅಭಿನಂದನೆಯ ತಂತಿ ಕಳಿಸಿದರು. ಪೋಲಿಷ್ ಜನತೆಯ ಮಗನೊಬ್ಬ ಪೀಠವನ್ನೇರಿದ್ದಕ್ಕೆ ಸಂತೋಷಪಟ್ಟು, ಆ ಜನತೆ ಸಮಾಜವಾದಿ ತಾಯ್ನಾಡನ್ನು ಕಟ್ಟುತ್ತಿರುವುದನ್ನೂ ಮರೆಯದೆ ಸೇರಿಸಿದರು. ಇದನ್ನು ಬರೀ ರಾಜಕೀಯದ ಜಾಣತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅದನ್ನು ಬರೆದವರೂ ಪೋಲಿಷರೇ.

ಮರುವರ್ಷ ಜೂನ್ 2ರಿಂದ 10ರವರೆಗೆ ಪೋಪರು ತಾಯ್ನಾಡಿಗೆ ಬಂದರು. ವಾರ್ಸಾದ ವಿಜಯ ಚೌಕದಲ್ಲಿ ಬಲಿಪೂಜೆ ಅರ್ಪಿಸಿ, ಪವಿತ್ರಾತ್ಮ ಇಳಿದುಬಂದು ಭೂಮಿಯ ಮುಖವನ್ನು ಹೊಸದು ಮಾಡಲಿ ಎಂದು ಬೇಡಿಕೊಂಡು, 'ಈ ಭೂಮಿಯ' ಎಂದು ಮತ್ತೊಮ್ಮೆ ಒತ್ತಿ ಹೇಳಿದರು. ಜನಸಾಗರ ಕಾಣಿಸದಂತೆ ಸರ್ಕಾರಿ ಟಿವಿ ತನ್ನ ಕ್ಯಾಮೆರಾಗಳನ್ನು ಮುದುಕಿಯರ ಕಡೆಗೂ ಕ್ರೈಸ್ತ ಸನ್ಯಾಸಿನಿಯರ ಕಡೆಗೂ ತಿರುಗಿಸಿತ್ತು. ಚೌಕದಲ್ಲೇ ನಿಂತಿದ್ದವರಿಗೆ ಮಾತ್ರ ತಾವೆಷ್ಟು ಜನರಿದ್ದೇವೆಂಬುದು ಕಣ್ಣಿಗೇ ಕಂಡಿತು. 1980ರ ಆಗಸ್ಟ್ 31ರಂದು ಗ್ದಾನ್ಸ್ಕ್‌ನಲ್ಲಿ ಸರ್ಕಾರದೊಂದಿಗಿನ ಮುಷ್ಕರದ ಒಪ್ಪಂದಕ್ಕೆ ಕಾರ್ಮಿಕರ ನಾಯಕ ಲೆಖ್ ವಾವೆನ್ಸಾ ಸಹಿ ಹಾಕಿದ ಭಾರಿ ಗಾತ್ರದ ಪೆನ್ನಿನ ಮೇಲೆ ಈ ಪೋಪರದೇ ಚಿತ್ರವಿತ್ತು.

ಎಲ್ಲ ದೇಶಗಳ ಹೆಮ್ಮೆಯೂ ಇಷ್ಟು ಭಾರವಾಗಿರುವುದಿಲ್ಲ. 2005ರ ಏಪ್ರಿಲಿನಲ್ಲಿ ಜರ್ಮನಿಯ ರಾಟ್ಸಿಂಗರ್ ಪೋಪರಾಗಿ ಆಯ್ಕೆಯಾದ ಮರುದಿನ ಅಲ್ಲಿನ 'ಬಿಲ್ಡ್' ಪತ್ರಿಕೆ 'ನಾವು ಪೋಪ್!' ಎಂದು ತಲೆಬರಹ ಹಾಕಿತು. ಪೋಪರ ವಿರುದ್ಧವೇ ಬಂಡೆದ್ದ ಲೂಥರನ ನಾಡಿನಲ್ಲಿ, ಅದೂ ರಾಷ್ಟ್ರಾಭಿಮಾನವೆಂದರೆ ಮುಜುಗರಪಡುವ ಜನರಲ್ಲಿ, ಆ ಮಾತು ಅರ್ಧ ತಮಾಷೆಯಾಗಿಯೇ ಬಾಯಿಂದ ಬಾಯಿಗೆ ಹರಡಿತು.

ಪೋಲೆಂಡಿನಲ್ಲಿ ಆ ತಮಾಷೆಗೆ ಎಡೆಯಿರಲಿಲ್ಲ, ಅಲ್ಲಿನ ಹೆಮ್ಮೆಗೆ ಬೆಲೆಯನ್ನೂ ತೆರಬೇಕಾಯಿತು. ವೊಯ್ತಿವಾ ಕ್ರಾಕೊವಿನಲ್ಲಿದ್ದಾಗ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಪಾದ್ರಿಗಳ ವಿಷಯ ಅವರಿಗೆ ತಿಳಿದಿತ್ತೆಂದು 2023ರಲ್ಲಿ ಟಿವಿ ವಾಹಿನಿಯೊಂದು ಆರೋಪಿಸಿದಾಗ, ಸಂಸತ್ತಿನ ಕೆಳಮನೆ ಅವರ ಒಳ್ಳೆಯ ಹೆಸರನ್ನು ಕಾಪಾಡುವ ನಿರ್ಣಯವನ್ನೇ ಅಂಗೀಕರಿಸಿತು. ಸಾಕ್ಷ್ಯವನ್ನು ತೂಗಿ ನೋಡಬೇಕಾದಲ್ಲಿ ಮತ ಎಣಿಸುವುದು ನನಗೆ ಸರಿಕಾಣುವುದಿಲ್ಲ. ನೊಂದವರೂ ಅದೇ ನಾಡಿನ ಮಕ್ಕಳಾಗಿದ್ದರು.

ಆ ಹೆಮ್ಮೆಯ ಇನ್ನೊಂದು ಮುಖ 1999ರ ಜೂನಿನಲ್ಲಿ, ಪೋಪರು ಹುಟ್ಟೂರು ವಾಡೊವಿಚೆಗೆ ಬಂದಾಗ ಕಾಣಿಸಿತು. ಶಾಲೆಯ ಕೊನೆಯ ಪರೀಕ್ಷೆ ಮುಗಿಸಿ ಗೆಳೆಯರೊಂದಿಗೆ ತಿಂದಿದ್ದ ಕ್ರೆಮುವ್ಕಾ ಎಂಬ ಕೆನೆ ತುಂಬಿದ ಸಿಹಿಯನ್ನು ಅವರು ಮಾತಿನ ನಡುವೆ ನೆನಪಿಸಿಕೊಂಡರು. ಅಂದಿನಿಂದ ಅದು ಪೋಪರ ಕ್ರೆಮುವ್ಕಾ ಎಂದೇ ಹೆಸರಾಗಿ, ಆ ಊರಿನ ಬೇಕರಿಗಳಲ್ಲಿ ಮಾರಾಟವಾಗುತ್ತಿದೆ. ಕೊಳ್ಳಲು ಬಂದವನಿಗೆ ದೇವರಲ್ಲಿ ನಂಬಿಕೆಯಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.