ಶೇಂಗಾ ದರ ಮತ್ತು ಮಳೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಚಳ್ಳಕೆರೆ ಮಾರುಕಟ್ಟೆಗೆ ಶೇಂಗಾ ಜಾಸ್ತಿ ಬಂದರೆ ದರ ಎಷ್ಟು ಇಳಿಯುತ್ತದೆ? ಅರ್ಥಶಾಸ್ತ್ರದಲ್ಲಿ ಸಂಶೋಧನೆಗೆ ಇಳಿದಿರುವ ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಎಪಿಎಂಸಿಯ ಆವಕ (ಬಂದ ಮಾಲು), ದರ ಎರಡನ್ನೂ ಕಂಪ್ಯೂಟರಿಗೆ ಹಾಕಿ ರಿಗ್ರೆಷನ್, ಅಂದರೆ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎನ್ನುವ ಲೆಕ್ಕ, ಮಾಡಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ದಯವಿಟ್ಟು ಆ ಉತ್ತರವನ್ನು ನಂಬಬೇಡಿ.

ಮಳೆ ಕೈಕೊಟ್ಟ ವರ್ಷ ಆವಕ ಕಡಿಮೆ, ದರ ಜಾಸ್ತಿ. ಎಣ್ಣೆಗೆ ಬೇಡಿಕೆ ಬಂದಾಗಲೋ, ದರ ಏರುತ್ತದೆ, ರೈತರು ಮನೆಯಲ್ಲಿಟ್ಟ ಚೀಲಗಳೂ ಯಾರ್ಡಿಗೆ ಬರುತ್ತವೆ. ಆವಕ ದರವನ್ನು ಇಳಿಸುತ್ತದೆ, ದರ ಆವಕವನ್ನು ಎಳೆಯುತ್ತದೆ. ಎರಡೂ ಕಲಸಿಹೋಗಿರುತ್ತವೆ. ಐವತ್ತು ವರ್ಷದ ಅಂಕಿ ತಂದರೂ ಈ ತೊಡಕು ಹೋಗುವುದಿಲ್ಲ.

ಇದನ್ನು ಬಿಡಿಸುವ ದಾರಿ ಸಿಕ್ಕಿದ್ದೂ ಎಣ್ಣೆಯ ಲೆಕ್ಕದಲ್ಲೇ! 1928ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ಎಣ್ಣೆಗಳ ಆಮದು ಸುಂಕದ ಬಗ್ಗೆ ಪುಸ್ತಕ ಬರೆದರು. ಅದರ ಅನುಬಂಧದಲ್ಲಿ ಈ ಉಪಾಯ ಇದೆ: ಪೂರೈಕೆಯನ್ನು ಮಾತ್ರ ಅಲುಗಾಡಿಸುವ, ಬೇಡಿಕೆಯನ್ನು ಮುಟ್ಟದ ಮೂರನೆಯದೊಂದನ್ನು ಹುಡುಕಿ. ಇದಕ್ಕೆ ಇನ್‌ಸ್ಟ್ರುಮೆಂಟ್ ಎನ್ನುತ್ತಾರೆ. ಅದರಿಂದಾಗಿ ಆವಕ ಎಷ್ಟು ಬದಲಾಯಿತು ಎನ್ನುವುದು ಮೊದಲ ಹಂತ; ಆ ಬದಲಾವಣೆಯಿಂದ ದರ ಎಷ್ಟು ಬದಲಾಯಿತು ಎನ್ನುವುದು ಎರಡನೆಯದು. ನಮ್ಮ ಕಡೆ ಅದು ಮಳೆ ಆಗಬಹುದು, ಅಲ್ವಾ?

ಆದರೆ ಯಾವ ಮಳೆ? ಮಘೆ, ಹುಬ್ಬೆ ಮಳೆ ಚೆನ್ನಾಗಿ ಬಂದರೆ ಕಾಯಿ ಕಟ್ಟುತ್ತದೆ, ಇಳುವರಿ ಹೆಚ್ಚುತ್ತದೆ. ಅದು ಸರಿ. ಬಳ್ಳಿ ಕಿತ್ತ ಮೇಲೆ ಹಿಡಿದುಕೊಳ್ಳುವ ಮಳೆಯ ಕಥೆ ಬೇರೆ. ಕಾಯಿ ನೆನೆದು ಬೂಸ್ಟು ಹಿಡಿದರೆ ದರ ಬೀಳುವುದು ಗುಣಮಟ್ಟದಿಂದ, ಆವಕದಿಂದಲ್ಲ. ಆ ಮಳೆಯನ್ನು ಸೇರಿಸಿದರೆ ಲೆಕ್ಕ ಕೆಟ್ಟಂತೆ. ಇನ್ನೊಂದಿದೆ. ಗಡಿಯಾಚೆ ಅನಂತಪುರವೂ ಶೇಂಗಾ ಸೀಮೆ. ಇಲ್ಲಿ ಬರ ಬಿದ್ದ ವರ್ಷ ಅಲ್ಲೂ ಬಿದ್ದಿರಬಹುದು. ಅಲ್ಲಿನ ಬೆಳೆ ನಮ್ಮ ದರವನ್ನು ನೇರವಾಗಿಯೇ ಮುಟ್ಟುತ್ತದೆ. ಹಾಗಾಗಿ ಅನಂತಪುರದ ಮಳೆಯೂ ನಮ್ಮ ಲೆಕ್ಕದೊಳಗೆ ಇರಬೇಕು. ಇದನ್ನು ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಯಾರ್ಡಿನಲ್ಲಿ ದಲಾಲರ ಹತ್ತಿರ ಕೂತು ಕೇಳಿದರೆ ತಿಳಿಯುತ್ತದೆ.

ಮಳೆಗೂ ಆವಕಕ್ಕೂ ನಂಟು ಗಟ್ಟಿಯಿದೆಯೇ ಎಂದೂ ನೋಡಿ. ಆ ನಂಟಿನ ಬಲ ಹೇಳುವ ಅಂಕಿ, ಅಂದರೆ ಮೊದಲ ಹಂತದ ಎಫ್ ಮೌಲ್ಯ, 10ಕ್ಕಿಂತ ಕಡಿಮೆಯಿದ್ದರೆ ಎಚ್ಚರ. ಹಾಗೆಯೇ, ವರ್ಷದಿಂದ ವರ್ಷಕ್ಕೆ ಸುಮ್ನೆ ಏರುತ್ತಾ ಹೋಗುವ ಅಂಕಿಗಳ ನಡುವೆ ಇಲ್ಲದ ಸಂಬಂಧ ಕಾಣಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಇದನ್ನು ತೋರಿಸಿದ್ದಾರೆ.

ಮಳೆಯ ಅಂಕಿಗೆ ಜಿಲ್ಲೆಯ ಸರಾಸರಿ ಸಾಲದು. ಹೊಳಲ್ಕೆರೆಯ ಅಡಿಕೆ ತೋಟದ ಮಳೆ ಚಳ್ಳಕೆರೆಯ ಶೇಂಗಾ ಹೊಲಕ್ಕೆ ಬರುವುದಿಲ್ಲ. ನಾಯಕನಹಟ್ಟಿ, ತಳಕು, ಪರಶುರಾಂಪುರ ಹೋಬಳಿಗಳ ಮಳೆಯನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಿ.